ಶನಿವಾರ ಕಾರ್ಲಿಯನ್‌ಗೆ: ರೋಮನ್ ಸೈನಿಕರ ಕವಾಯತು ನೋಡಲು

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ವೇಲ್ಸ್‌ನ ನ್ಯೂಪೋರ್ಟ್ ಹತ್ತಿರದ ಕಾರ್ಲಿಯನ್‌ನಲ್ಲಿ ರೋಮನ್ ಸೈನಿಕರ ವೇಷ ತೊಟ್ಟ ತಂಡ ಕವಾಯತು ತೋರಿಸಲಿದೆ. ಬೆಳಿಗ್ಗೆ 10:30ಕ್ಕೆ ರೋಮನ್ ಲೀಜನ್ ಮ್ಯೂಸಿಯಂ ಬಾಗಿಲಲ್ಲಿ ಸೇರೋಣ. ಹೆಸರು ಕೊಟ್ಟಿರುವ ಮನೆಯವರೆಲ್ಲ ದಯವಿಟ್ಟು ಪೂರ್ತಿ ಓದಿ.

ಸುಮ್ನೆ ಒಂದು ಪಿಕ್ನಿಕ್ ಜಾಗವಲ್ಲ ಇದು. ಸುಮಾರು ಕ್ರಿ.ಶ. 75ರಲ್ಲಿ ಎರಡನೇ ಆಗಸ್ಟಾ ಲೀಜನ್ ಇಲ್ಲಿ ಕೋಟೆ ಕಟ್ಟಿತು. ಸುಮಾರು 5,000 ಸೈನಿಕರ ದಂಡು ಅದು. ಅವರು ಮಲಗುತ್ತಿದ್ದ ಸಾಲುಕೋಣೆಗಳ ಅಡಿಪಾಯ, ಆಟ ನೋಡುತ್ತಿದ್ದ ಅಂಡಾಕಾರದ ಬಯಲು ರಂಗ, ಸ್ನಾನದ ಮನೆ ಎಲ್ಲವೂ ಇನ್ನೂ ಕಾಣಸಿಗುತ್ತವೆ. ಗುರಾಣಿಗಳನ್ನು ತಲೆ ಮೇಲೆ ಜೋಡಿಸಿಕೊಂಡು ಸಾಗುವ ಆಮೆ ವ್ಯೂಹ ಹೇಗಿರುತ್ತಿತ್ತು ಅಂತ ಮಕ್ಕಳಿಗೆ ಮೊದಲೇ ಹೇಳಿ ಕರೆತನ್ನಿ.

ಕವಾಯತು ನಡೆಯುವಾಗ ಮಕ್ಕಳು ಹಗ್ಗದ ಈಚೆಯೇ ಇರಲಿ. ಸೈನಿಕರ ಚಪ್ಪಲಿಯ ಅಡಿಗೆ ಕಬ್ಬಿಣದ ಮೊಳೆಗಳಿರುತ್ತವೆ, ಕಾಲು ತುಳಿದರೆ ಕಷ್ಟ. ಕತ್ತಿ, ಶಿರಸ್ತ್ರಾಣ ಮುಟ್ಟುವ ಮೊದಲು ಕೇಳಿ. ಹಳೆಯ ಗೋಡೆಗಳ ಮೇಲೆ ಯಾರೂ ಹತ್ತಬಾರದು, ಇದು ದೊಡ್ಡವರಿಗೂ ಸೇರಿ. ಮಳೆ ಕೋಟು, ಊಟದ ಡಬ್ಬಿ ಮರೆಯಬೇಡಿ.

ಊರಿನ ಬೀದಿಗಳು ಕಿರಿದು, ಹಾಗಾಗಿ ಕಾರು ಕಡಿಮೆ ಇದ್ದಷ್ಟೂ ಒಳ್ಳೆಯದು. ಎಷ್ಟು ಜನ ಬರುತ್ತೀರಿ, ನಿಮ್ಮ ಕಾರಿನಲ್ಲಿ ಸೀಟು ಖಾಲಿ ಇದೆಯಾ, ಬುಧವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.