ಆ ಹುಡುಗಿಯ ನೆನಪಿಗೆ ನಡುಮಧ್ಯಾಹ್ನದ ಕುದುರೆ ಮೆರವಣಿಗೆ ಬೇಡ

ಮಾನ್ಯ ಸಂಪಾದಕರೇ,

ಕೌಲ್‌ಬಜಾರ್ ಕಡೆಯ 13 ವರ್ಷದ ಹುಡುಗಿಯೊಬ್ಬಳು ಕಳೆದ ತಿಂಗಳು ಕಾಯಿಲೆಯಿಂದ ತೀರಿಕೊಂಡಳು. ಕುದುರೆ ಮೇಲಿಂದ ಬಿದ್ದು ಸತ್ತಳು ಎಂದು ಕೆಲವರು ಆಡಿಕೊಳ್ಳುತ್ತಿದ್ದಾರೆ, ಅದು ಶುದ್ಧ ಸುಳ್ಳು. ಅವಳ ನೆನಪಿಗೆ ಬರುವ ಭಾನುವಾರ ಹನ್ನೊಂದು ಗಂಟೆಗೆ ಡಿಜೆ ಹಚ್ಚಿ, ಪಟಾಕಿ ಹೊಡೆದು, ಕೋಟೆಯವರೆಗೆ ಕುದುರೆ ಮೆರವಣಿಗೆ ಮಾಡಬೇಕೆಂದು ಹುಡುಗರು ಓಡಾಡುತ್ತಿದ್ದಾರೆ. ಅವರ ಪ್ರೀತಿ ದೊಡ್ಡದು. ಆದರೆ ಬಳ್ಳಾರಿಯ ಈ ಬಿಸಿಲಲ್ಲಿ ಅಂಥ ಮೆರವಣಿಗೆ ಹೊರಟರೆ ಮೊದಲು ಅಡ್ಡ ನಿಲ್ಲುತ್ತಿದ್ದವಳು ಅವಳೇ.

ಅವಳು ಕುದುರೆ ಹತ್ತಿದ್ದು ಕಡಿಮೆ, ಅದರ ಕಾಲ ಬಳಿ ಬಗ್ಗಿ ನಿಂತದ್ದೇ ಹೆಚ್ಚು. ಶಾಲೆಯಿಂದ ಬಂದವಳೇ ಗೊರಸು ಕೆರೆಯುವ ಕೊಕ್ಕೆ ಹಿಡಿಯುತ್ತಿದ್ದಳು. ಕುದುರೆಯ ಬಾಲದ ಕಡೆ ಮುಖ ಮಾಡಿ ನಿಂತು, ಭುಜದಿಂದ ಕೈ ಸವರುತ್ತಾ ಕೆಳಗಿಳಿಸಿ, ಕಾಲು ಎತ್ತಿಸಿ, ಹಿಮ್ಮಡಿಯಿಂದ ತುದಿಯ ಕಡೆಗೆ ಕೊಕ್ಕೆ ಎಳೆಯುವುದು. ತಿರುಗಾ ಎಳೆದರೆ ನಡುವಿನ ಮೂರುಮೂಲೆಯ ಮೆತ್ತನೆ ಭಾಗಕ್ಕೆ ಚುಚ್ಚುತ್ತದೆ. ಆ ಭಾಗದ ಎರಡೂ ಪಕ್ಕದ ಸಂದಿಯನ್ನು ಅವಳು ಮೂಸಿಯೂ ನೋಡುತ್ತಿದ್ದಳು. ಕೊಳೆತ ವಾಸನೆ, ಕರೀ ರಸ ಕಂಡರೆ ಲಾಯದ ನೆಲ ಹಸಿ ಇದೆ, ಲದ್ದಿ ಸರಿಯಾಗಿ ಬಳಿದಿಲ್ಲ ಎಂದೇ ಅರ್ಥ. ನಮ್ಮ ಎರೆಮಣ್ಣು ಹಸಿ ಇದ್ದಾಗ ಗೊರಸಿನೊಳಗೆ ಮೆತ್ತಿಕೊಂಡು, ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ. ಅದನ್ನು ತೆಗೆಯದೆ ಓಡಿಸಿದರೆ ಅಂಗಾಲು ಕಂದಿ ಕುದುರೆ ಕುಂಟುತ್ತದೆ.

ಅವಳಿಗೆ ಎಲ್ಲಕ್ಕಿಂತ ಭಯವಿದ್ದದ್ದು ನಮ್ಮೂರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಮುಳ್ಳಿಗೆ. ಮುಳ್ಳು ಕಿತ್ತ ಕೂಡಲೇ ಹೊರಗಿನ ತೂತು ಮುಚ್ಚಿಕೊಳ್ಳುತ್ತದೆ, ಕೀವು ಒಳಗೇ ಉಳಿಯುತ್ತದೆ. ಗಾಳಿಯಾಡದ ಇಂಥ ಗಾಯದಲ್ಲೇ ಧನುರ್ವಾಯು ರೋಗಾಣು ಬೆಳೆಯುವುದು. ಹಾಗಾಗಿ ಕೀಳುವ ಮೊದಲು ಮುಳ್ಳು ಎಲ್ಲಿ, ಯಾವ ದಿಕ್ಕಿಗೆ, ಎಷ್ಟು ಆಳ ಹೋಗಿದೆ ಎಂದು ಗುರುತು ಮಾಡಿ ಪಶುವೈದ್ಯರಿಗೆ ಹೇಳಬೇಕು. ಧನುರ್ವಾಯು ಲಸಿಕೆಯನ್ನು 4 ವಾರದ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಂದು ಸಲ ಹಾಕಿಸಬೇಕು. ಕಣ್ಣಿನ ಮೂಲೆಯಿಂದ ಪೊರೆ ಅಡ್ಡ ಬಂದು, ಕಿವಿ ನೆಟ್ಟಗಾಗಿ, ಬಾಲ ಸೆಟೆದು ನಿಂತ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ.

ಮೆರವಣಿಗೆಯ ಮಾತಿಗೆ ಬರೋಣ. ನಮ್ಮ ಮದುವೆ ಕುದುರೆಗಳು ಹೆಚ್ಚಿನವು ಸಣ್ಣ ಗಾತ್ರದವು. ದರ್ಜಿಯ ಟೇಪಿನಲ್ಲಿ ತೂಕ ಲೆಕ್ಕ ಹಾಕುವುದನ್ನು ಆ ಹುಡುಗಿ ಕಲಿತಿದ್ದಳು: ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ಮುಂಚಾಚಿನಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸುವುದು. ಅಳತೆ ಸೆಂಟಿಮೀಟರ್‌ನಲ್ಲಿದ್ದರೆ ಉತ್ತರ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 145, ಉದ್ದ 140 ಇದ್ದರೆ ಸುಮಾರು 248 ಕಿಲೋ. ಜೀನೂ ಸೇರಿ ಅದರ ಐದನೇ ಒಂದು ಪಾಲಿಗಿಂತ ಹೆಚ್ಚು ಹೇರಬಾರದು. ಅಂದರೆ 50 ಕಿಲೋ ಒಳಗೆ. 80 ಕಿಲೋದ ಮದುಮಗ, ಮುಂದೆ ಒಂದು ಮಗು! ಬೆನ್ನು ಹುಣ್ಣಾಗುವುದು ಹೀಗೆ. ಮೇಲೆ ಹೊದಿಸಿದ ಜರಿಬಟ್ಟೆಯಡಿ ಆ ಹುಣ್ಣು ಯಾರಿಗೂ ಕಾಣುವುದಿಲ್ಲ.

ಬಿಸಿಲಿನದು ಇನ್ನೂ ಕೆಟ್ಟದ್ದು. ಕುದುರೆ ನಮ್ಮ ಹಾಗೇ ಬೆವರುತ್ತದೆ, ಬೆವರಿನ ಜೊತೆ ಉಪ್ಪನ್ನೂ ಕಳೆದುಕೊಳ್ಳುತ್ತದೆ. ನಿಂತ ಕುದುರೆಗೇ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು, ಬಿಸಿಲಲ್ಲಿ ದುಡಿದರೆ ಇನ್ನೂ ಹೆಚ್ಚು. ಬೆವರಿದ ಕುದುರೆಗೆ ನೀರು ಕುಡಿಸಬಾರದು ಎನ್ನುವ ಹಳೇ ಮಾತು ತಪ್ಪು, ಅದನ್ನು ನಂಬಿ ಎಷ್ಟೋ ಪ್ರಾಣಿಗಳನ್ನು ಬಾಯಾರಿಸಿದ್ದೇವೆ. ಆ ಹುಡುಗಿ ಕುದುರೆಯ ಮೇಲ್ದುಟಿ ಎತ್ತಿ ವಸಡಿನ ಮೇಲೆ ಹೆಬ್ಬೆರಳು ಒತ್ತಿ, ಬಿಟ್ಟು, 'ಒಂದು, ಎರಡು' ಎಂದು ಎಣಿಸುತ್ತಿದ್ದಳು. ಅಷ್ಟರಲ್ಲಿ ಬಿಳಿಚಿದ ಜಾಗ ಮತ್ತೆ ನಸುಗೆಂಪಾಗಬೇಕು. ಆಗದಿದ್ದರೆ ಅವತ್ತು ಜೀನು ಹಾಕಲು ಬಿಡುತ್ತಿರಲಿಲ್ಲ, ಮುಂಗಡ ಹಣ ಬಂದಿದ್ದರೂ. ಕುದುರೆಯ ಮೈ ಶಾಖ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು. 40 ದಾಟಿದರೆ ನೆರಳಿಗೆ ತಂದು ಕುತ್ತಿಗೆ, ಎದೆ, ತೊಡೆಸಂದಿಗೆ ಬಿಡದೆ ನೀರು ಸುರಿಯುತ್ತಿರಬೇಕು. ಒದ್ದೆ ಗೋಣಿ ಹೊದಿಸಿ ಬಿಟ್ಟರೆ ಶಾಖ ಒಳಗೇ ನಿಲ್ಲುತ್ತದೆ.

ಡಾಂಬರಿನ ಮೇಲೆ ಕಬ್ಬಿಣದ ಲಾಳ ಜಾರುತ್ತದೆ. ಪಟಾಕಿಗೆ ಬೆದರಿದ ಕುದುರೆ ಬೀಳುವುದು ಜನರ ಮೇಲೆಯೇ.

ಶಾಲೆಯವರು ಹಂಪಿಗೆ ಕರೆದೊಯ್ದಾಗ ಹಜಾರರಾಮ ದೇಗುಲದ ಹೊರಗೋಡೆಯ ಕುದುರೆ ಸಾಲನ್ನು ನೋಡಿ ಬಂದಿದ್ದಳು. ಎಲ್ಲರೂ ಕುದುರೆ ನೋಡಿದರೆ, ಅವಳು ಕುದುರೆಯ ಪಕ್ಕದಲ್ಲಿ ನಡೆಯುವ ಆಳುಗಳನ್ನು ನೋಡಿ, 'ಇವರಿಗೂ ದಿನಾ ಗೊರಸು ಕೆರೆಯೋ ಕೆಲಸ ಇತ್ತಲ್ಲಾ' ಎಂದಿದ್ದಳಂತೆ.

ಮೆರವಣಿಗೆ ಮಾಡಲೇಬೇಕೆಂದಿದ್ದರೆ ಬೆಳಗ್ಗೆ 6ಕ್ಕೆ ಹೊರಟು 7ರೊಳಗೆ ಮುಗಿಸಿ. ಯಾರೂ ಹತ್ತುವುದು ಬೇಡ, ಕೈಯಲ್ಲಿ ಹಿಡಿದು ನಡೆಸಿ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ, ಬೆದರಿ ಎಳೆದರೆ ಬೆರಳು ಹೋಗುತ್ತದೆ. ಡಿಜೆ, ಪಟಾಕಿ ಬಿಡಿ. ಆ ದುಡ್ಡಿನಲ್ಲಿ ಊರಿನ ಕುದುರೆಗಳಿಗೆ ಧನುರ್ವಾಯು ಲಸಿಕೆ ಹಾಕಿಸಬಹುದು, ಜಟಕಾ ನಿಲ್ಲುವ ಕಡೆ ನೆರಳಲ್ಲೊಂದು ನೀರಿನ ತೊಟ್ಟಿ ಕಟ್ಟಿಸಬಹುದು. ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಲು ಒಬ್ಬರು ಒಪ್ಪಿಕೊಂಡ ಮೇಲೆಯೇ ಕಟ್ಟಿಸಿ. ಪಾಚಿಗಟ್ಟಿದ ನೀರನ್ನು ಕುದುರೆ ಮೂಸಿ ಬಿಟ್ಟುಬಿಡುತ್ತದೆ.

ಅವಳು ಸಾಕುತ್ತಿದ್ದ ಹೆಣ್ಣುಕುದುರೆಯನ್ನು ಮಾತ್ರ ಮೆರವಣಿಗೆಗೆ ಕೇಳಬೇಡಿ, ಹಿಂಗಾಲಿಗೆ ನೋವಿದೆ. ನೋಡಬೇಕೆನ್ನುವವರು ಸಂಜೆ ಲಾಯಕ್ಕೆ ಬನ್ನಿ. ಹಿಂದಿನಿಂದ ಬರಬೇಡಿ, ಹಣೆಯ ನೇರಕ್ಕೂ ಬೇಡ, ಆ ಎರಡು ಕಡೆ ಅದಕ್ಕೆ ಕಣ್ಣು ಕಾಣುವುದಿಲ್ಲ. ಎಡಭುಜದ ಕಡೆಯಿಂದ, ಅವಳು ಬರುತ್ತಿದ್ದ ಹಾಗೆ, ಮಾತಾಡಿಸುತ್ತಾ ಬನ್ನಿ.

— ಕುದುರೆ ಸಾಕುವ ಮನೆಗಳವರು, ಬಳ್ಳಾರಿ