ಸಾಲನ್ನು ಸಾಲಾಗಿಯೇ ದಾಟಿಸಿ

ಮಾನ್ಯ ಸಂಪಾದಕರೇ,

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ಸುತ್ತ ರೇಷ್ಮೆ ಗೂಡಿನ ಲೆಕ್ಕ, ಹಾಲಿನ ಲೆಕ್ಕ, ಮಂಡಿ ಲೆಕ್ಕಕ್ಕೆ ತಂತ್ರಾಂಶ ಬರೆಯುವ ಯುವಕ ಯುವತಿಯರಿಗಾಗಿ ಈ ಪತ್ರ. ಕಾಲೇಜಿನ ಡೇಟಾಬೇಸ್ ಲ್ಯಾಬಿನಲ್ಲಿ ಅವರು ಟ್ರಿಗರ್, ಕರ್ಸರ್ ಬರೆದಿರುತ್ತಾರೆ. ಆದರೆ ಟೇಬಲ್ಲಿನ ಒಂದು ಇಡೀ ಸಾಲನ್ನು ಒಂದು ಸ್ಟೋರ್ಡ್ ಫಂಕ್ಷನ್ನಿನಿಂದ (ಡೇಟಾಬೇಸಿನ ಒಳಗೇ ಇಟ್ಟು ಓಡಿಸುವ ಪುಟ್ಟ ಪ್ರೋಗ್ರಾಂ) ಇನ್ನೊಂದಕ್ಕೆ ಕೊಡುವುದು ಹೇಗೆ ಎಂದು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಈ ಕೊರತೆಯ ಪೆಟ್ಟು ಕೊನೆಗೆ ಬೀಳುವುದು ರೈತರ ಲೆಕ್ಕದ ಮೇಲೆ.

ಗೂಡಿನ ಒಂದು ಲಾಟನ್ನೇ ನೋಡಿ. ಲಾಟು ನಂಬರು, ರೈತರ ಸಂಖ್ಯೆ, ತಳಿ, ತೂಕ, ದರ, ರೀಲರ್ (ಗೂಡು ಕೊಂಡು ನೂಲು ತೆಗೆಯುವವರು) ಸಂಖ್ಯೆ, ದಿನಾಂಕ ಎಂದು ಏಳು ಕಾಲಂ ಇವೆ ಎನ್ನೋಣ. ಹರಾಜಿನ ಫಂಕ್ಷನ್ ಈ ಏಳನ್ನೂ ಬಿಡಿಬಿಡಿಯಾಗಿ, ನಡುವೆ ಕಾಮಾ ಹಾಕಿ, ಬಿಲ್ ಫಂಕ್ಷನ್ನಿಗೆ ಕೊಡುತ್ತದೆ. ತೂಕವೂ ನ್ಯೂಮೆರಿಕ್ (ಸಂಖ್ಯೆ), ದರವೂ ನ್ಯೂಮೆರಿಕ್. ಎರಡೂ ಅದಲುಬದಲಾದರೆ ಡೇಟಾಬೇಸ್ ತುಟಿ ಬಿಚ್ಚುವುದಿಲ್ಲ. 52.4 ಕೆ.ಜಿ. ಗೂಡು, ಕೆ.ಜಿ.ಗೆ 480 ರೂಪಾಯಿ: ಬಿಲ್ 25,152 ರೂಪಾಯಿ. 480 ಕೆ.ಜಿ. ಗೂಡು, ಕೆ.ಜಿ.ಗೆ 52.4 ರೂಪಾಯಿ: ಬಿಲ್ ಅದೇ 25,152! ಮೊತ್ತ ತಾಳೆಯಾಗುವುದರಿಂದ ಬಿಲ್ ಕೈಗೆ ಬಂದಾಗಲೂ ಯಾರಿಗೂ ಅನುಮಾನ ಬರದು. ಕೆಟ್ಟಿರುವುದು ದಿನದ ಆವಕ ಮತ್ತು ಸರಾಸರಿ ದರ. ಗೊತ್ತಾಗುವುದು ತಿಂಗಳ ವರದಿ ತೆಗೆದಾಗ, ಅಷ್ಟರಲ್ಲಿ ತಪ್ಪು ಸಾಲುಗಳು ನೂರಾರು.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಟೇಬಲ್ ಮಾಡಿದ ಕ್ಷಣವೇ ಅದೇ ಹೆಸರಿನ ಒಂದು ಟೈಪ್ (ಸಾಲಿನಲ್ಲಿ ಯಾವ ಯಾವ ಕಾಲಂ ಇವೆ ಎಂಬ ಅಚ್ಚು) ಕೂಡ ಹುಟ್ಟುತ್ತದೆ. ಬಿಲ್ ಫಂಕ್ಷನ್ನಿಗೆ ಏಳು ಪ್ಯಾರಾಮೀಟರ್ ಬೇಡ. ‘ಲಾಟು’ ಟೈಪಿನ ಒಂದೇ ಒಂದು ಸಾಕು. ಕರೆಯುವಾಗ ಕ್ವೆರಿಯಲ್ಲಿ ಟೇಬಲ್ಲಿನ ಅಡ್ಡಹೆಸರನ್ನು ಮಾತ್ರ ಕೊಟ್ಟರೆ ಇಡೀ ಸಾಲು ದಾಟುತ್ತದೆ. ಒಳಗೆ ತೂಕವನ್ನು ತೂಕವೆಂದೇ ಹೆಸರು ಹಿಡಿದು ಕೇಳಬೇಕಾದ್ದರಿಂದ ಅದಲುಬದಲಿನ ಮಾತೇ ಇಲ್ಲ. ನಾಳೆ ‘ತೇವಾಂಶ’ ಎಂಬ ಎಂಟನೇ ಕಾಲಂ ಸೇರಿಸಿದರೂ ಫಂಕ್ಷನ್ನಿನ ತಲೆಬರಹ ಬದಲಾಗುವುದಿಲ್ಲ. ಒಂದು ಎಚ್ಚರಿಕೆ: ರೋ ಎಂದು ಬರೆದು ಕೈಯಾರೆ ಏಳು ಮೌಲ್ಯ ತುಂಬಿ ಸಾಲು ಕಟ್ಟಿದರೆ ಮತ್ತೆ ಹಳೆಯ ಅಪಾಯಕ್ಕೇ ಮರಳಿದಂತೆ, ಏಕೆಂದರೆ ಅಲ್ಲಿ ನಡೆಯುವುದು ಕಾಲಂಗಳ ಕ್ರಮ, ಹೆಸರಲ್ಲ. ಎಂಟನೇ ಕಾಲಂ ಬಂದ ದಿನ ಆ ಸಾಲು ಎರರ್ ಕೊಟ್ಟು ನಿಲ್ಲುತ್ತದೆ ಕೂಡ.

(ಟೇಬಲ್, ಕಾಲಂಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಕ, ಅರ್ಧಾಕ್ಷರದ ಗುರುತು, ಷ ಸೇರಿ ಆಗುವ ‘ಕ್ಷ’ ಒಂದಕ್ಕೇ ಒಂಬತ್ತು ಹೋಗುತ್ತದೆ. 21 ಸಂಕೇತ ದಾಟಿದ ಹೆಸರು ಬಾಲ ಕತ್ತರಿಸಿಕೊಳ್ಳುತ್ತದೆ.)

ಸಾಲನ್ನು ವಾಪಸು ಪಡೆಯುವಾಗಲೇ ಹೆಚ್ಚು ಜನ ಎಡವುವುದು. ಸೆಲೆಕ್ಟ್ ಆದ ಮೇಲೆ ಫಂಕ್ಷನ್ ಕರೆಯನ್ನು ಆವರಣದಲ್ಲಿಟ್ಟು, ಚುಕ್ಕೆ ಹಾಕಿ, ಸ್ಟಾರ್ ಬರೆದರೆ ಏಳೂ ಕಾಲಂ ಬಿಡಿಸಿಕೊಂಡು ಬರುತ್ತವೆ, ನಿಜ. ಆದರೆ ಪೋಸ್ಟ್‌ಗ್ರೆಸ್ ಆ ಸ್ಟಾರನ್ನು ಏಳು ಪ್ರತ್ಯೇಕ ಕರೆಗಳಾಗಿ ಹರಡುತ್ತದೆ. ಫಂಕ್ಷನ್ ಏಳು ಸಲ ಓಡುತ್ತದೆ. ಒಳಗೆ ಬಿಲ್ ಇನ್ಸರ್ಟ್ ಇದ್ದರೆ ಒಂದು ಲಾಟಿಗೆ ಏಳು ಬಿಲ್! ಫಂಕ್ಷನ್ ಕರೆಯನ್ನು ಫ್ರಂ ಭಾಗದಲ್ಲಿ ಬರೆಯಿರಿ. ಪ್ರತಿ ಲಾಟಿಗೂ ಕರೆಯಬೇಕಿದ್ದರೆ 2013ರ 9.3 ಆವೃತ್ತಿಯಿಂದ ಇರುವ ಲ್ಯಾಟರಲ್ ಬಳಸಿ. ಆಗ ಲಾಟಿಗೆ ಒಂದೇ ಸಲ.

ಇನ್ನೊಂದು ಕಣ್ಣಿಗೆ ಬೀಳದ ಗುಂಡಿ ನಲ್, ಅಂದರೆ ಏನೂ ತುಂಬದ ಖಾಲಿ ಕಾಲಂ. ಹರಾಜಾಗದೆ ಉಳಿದ ಲಾಟಿಗೆ ದರ, ರೀಲರ್ ಸಂಖ್ಯೆ ಖಾಲಿ. ಸಾಲು ಸಿಕ್ಕಿತೇ ಎಂದು ತಿಳಿಯಲು ‘ಈಸ್ ನಾಟ್ ನಲ್’ ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ, ಏಕೆಂದರೆ ಎಲ್ಲ ಕಾಲಂ ತುಂಬಿದ್ದರೆ ಮಾತ್ರ ಅದು ನಿಜ. ‘ಈಸ್ ನಲ್’ ಕೇಳಿದರೂ ಇಲ್ಲ, ಅದಕ್ಕೆ ಎಲ್ಲವೂ ಖಾಲಿ ಇರಬೇಕು. ಪಿಎಲ್‌ಪಿಜಿ‌ಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್ ಫಂಕ್ಷನ್ ಬರೆಯುವ ಭಾಷೆ) ಸೆಲೆಕ್ಟ್ ಇಂಟು ಆದ ಕೂಡಲೇ, ಸಾಲು ಸಿಕ್ಕಿತೇ ಎಂದು ಹೇಳುವ ಫೌಂಡ್ ನೋಡುವುದೇ ಸರಿಯಾದ ದಾರಿ.

ಟೇಬಲ್ಲಿಗೆ ‘ತೂಕ ಸೊನ್ನೆಗಿಂತ ಹೆಚ್ಚಿರಬೇಕು’ ಎಂದು ಚೆಕ್ ಹಾಕಿದ್ದೇವೆ, ಇನ್ನೇನು ಭಯ ಎನ್ನುವವರಿದ್ದಾರೆ. ಆ ಚೆಕ್ ಟೇಬಲ್ಲಿನದು, ಟೈಪಿನದಲ್ಲ. ಫಂಕ್ಷನ್ನುಗಳ ನಡುವೆ ಓಡಾಡುವ ಸಾಲಿನಲ್ಲಿ ತೂಕ ಸೊನ್ನೆ ಇದ್ದರೂ ತಡೆಯುವವರಿಲ್ಲ. ಟೇಬಲ್ಲಿಗೆ ಇಳಿಸುವಾಗಲೇ ಅದು ಸಿಕ್ಕಿಬೀಳುವುದು. ಲೆಕ್ಕ ಹಾಕುವ ಫಂಕ್ಷನ್ನಿನ ಆರಂಭದಲ್ಲೇ ಪರೀಕ್ಷೆ ಇರಲಿ. ಆವೃತ್ತಿ 11ರಿಂದ ಇಂಥ ಟೈಪಿನ ಮೇಲೆ ಡೊಮೇನ್ (ಷರತ್ತು ಸೇರಿಸಿದ ಟೈಪ್) ಕಟ್ಟಿ ನಿಬಂಧನೆ ಹಾಕುವುದೂ ಸಾಧ್ಯ.

ಟ್ರಿಗರ್ (ಟೇಬಲ್ಲಿಗೆ ಸಾಲು ಸೇರಿದಾಗ ತಾನಾಗಿ ಓಡುವ ಫಂಕ್ಷನ್) ಒಳಗಿನ ನ್ಯೂ, ಅಂದರೆ ಹೊಸದಾಗಿ ಬಂದ ಸಾಲು, ಕೂಡ ಒಂದು ಸಾಲೇ. ಅದನ್ನು ಹಾಗೆಯೇ ‘ಲಾಟು’ ಟೈಪಿನ ಫಂಕ್ಷನ್ನಿಗೆ ಕೊಡಬಹುದು. ಆದರೆ ಹೋಗುವುದು ನಕಲು. ಫಂಕ್ಷನ್ ಒಳಗೆ ದರ ತಿದ್ದಿದರೆ ಮೂಲಕ್ಕೆ ತಾಗದು. ತಿದ್ದಿದ ಸಾಲನ್ನು ಹಿಂದಿರುಗಿಸಿ, ಅದನ್ನು ನ್ಯೂಗೆ ಮತ್ತೆ ತುಂಬಿಕೊಳ್ಳಬೇಕು.

ಸಾಲು ಒಂದಲ್ಲ, ಹಲವು ಇದ್ದರೆ? ನೂರು ಇನ್ನೂರು ಲಾಟುಗಳಿಗೆ ‘ಲಾಟು’ ಟೈಪಿನ ಅರೇ (ಪಟ್ಟಿ) ಸಾಕು: ಅರೇ ಆಗ್‌ನಿಂದ ಕಟ್ಟಿ, ಒಳಗೆ ಅನ್‌ನೆಸ್ಟ್‌ನಿಂದ ಬಿಡಿಸಿ. ಲಕ್ಷದ ಲೆಕ್ಕವಾದರೆ ತಾತ್ಕಾಲಿಕ ಟೇಬಲ್ ವಾಸಿ, ಅದಕ್ಕೆ ಇಂಡೆಕ್ಸ್ ಹಾಕಿ ಅನಲೈಸ್ ಕೂಡ ಮಾಡಬಹುದು. ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಫಂಕ್ಷನ್ ಎರಡನೇ ಸಲ ಓಡಿದಾಗ ‘ಈ ಟೇಬಲ್ ಆಗಲೇ ಇದೆ’ ಎಂಬ ಎರರ್ ಬರುವುದನ್ನು ಮಾತ್ರ ಮರೆಯಬೇಡಿ. ಫಂಕ್ಷನ್ನಿನಿಂದ ಹಲವು ಸಾಲು ಹಿಂದಿರುಗಿಸುವ ರಿಟರ್ನ್ ಕ್ವೆರಿ ಸಾಲುಗಳನ್ನು ಒಂದೊಂದಾಗಿ ಹರಿಸುತ್ತದೆ ಎಂಬ ನಂಬಿಕೆ ತಪ್ಪು. ಎಲ್ಲವನ್ನೂ ಒಟ್ಟುಮಾಡಿ ಆಮೇಲೆ ಕೊಡುತ್ತದೆ, ವರ್ಕ್ ಮೆಮ್ ಎಂಬ ಮೆಮೊರಿ ಮಿತಿ ಮೀರಿದರೆ ಡಿಸ್ಕಿಗೆ ಬರೆಯುತ್ತದೆ. ಆ ಮಿತಿ ಮೂಲದಲ್ಲಿ ಬರೀ 4 ಎಂಬಿ. ಜೇಸನ್ (ಹೆಸರು, ಮೌಲ್ಯದ ಜೋಡಿಗಳಾಗಿ ಬರೆದ ಪಠ್ಯ) ಆಗಿ ಕಳಿಸುವುದು ಸುಲಭವೆಂದು ಕಂಡರೂ ಡೇಟಾಬೇಸಿನ ಒಳಗಿನ ಓಡಾಟಕ್ಕೆ ಅದು ಬೇಡ: ಕೀ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ, ಸಾಲಾಗಿ ಪರಿವರ್ತಿಸುವಾಗ ಆ ಕಾಲಂ ಸದ್ದಿಲ್ಲದೆ ನಲ್ ಆಗುತ್ತದೆ.

ಒರಾಕಲ್‌ನಲ್ಲಿ ರೋಟೈಪ್ ಇದೇ ಕೆಲಸ ಮಾಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಸಾಲಿನ ಟೈಪ್ ಇಲ್ಲ, ತಾತ್ಕಾಲಿಕ ಟೇಬಲ್ಲೋ ಜೇಸನ್ನೋ ಅನಿವಾರ್ಯ.

ನಮ್ಮ ಜಿಲ್ಲೆಯ ಕಾಲೇಜುಗಳ ಅಧ್ಯಾಪಕರಲ್ಲಿ ವಿನಂತಿ: ಲ್ಯಾಬಿನ ಒಂದು ಅವಧಿ ಇದಕ್ಕೆ ಕೊಡಿ. ಬೇಕಿರುವುದು ಒಂದು ಲಾಟು ಟೇಬಲ್, ಎರಡು ಫಂಕ್ಷನ್. ಮೊದಲು ಏಳು ಬಿಡಿ ಪ್ಯಾರಾಮೀಟರಿನಲ್ಲಿ ಬರೆಸಿ, ತೂಕ ದರ ಅದಲುಬದಲು ಮಾಡಿ ಓಡಿಸಲು ಹೇಳಿ. ಬಿಲ್ ಎರಡೂ ಸಲ 25,152 ಬಂದುದನ್ನು ಅವರೇ ನೋಡಲಿ. ಆಮೇಲೆ ಅದನ್ನೇ ಸಾಲಿನ ಟೈಪಿನಲ್ಲಿ ಬರೆಸಿ.

– ಒಬ್ಬ ಓದುಗ, ಶಿಡ್ಲಘಟ್ಟ