ವಿಶ್ವವಿದ್ಯಾಲಯದ ಕೆಲಸ ಹುಡುಕುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯದಲ್ಲಿ ಕೆಲಸ ಅಂದ ತಕ್ಷಣ ಪಾಠ ಮಾಡುವುದೇ ನೆನಪಾಗುತ್ತದೆ, ಅಲ್ವಾ? ಆದರೆ ಅಲ್ಲಿ ಲ್ಯಾಬ್ ಟೆಕ್ನಿಷಿಯನ್, ಅನುದಾನದ ಲೆಕ್ಕ ನೋಡುವವರು, ಲೈಬ್ರರಿ, ಐಟಿ, ಅಡ್ಮಿಷನ್, ಪರೀಕ್ಷಾ ವಿಭಾಗದವರು ಎಲ್ಲರೂ ಬೇಕು. ಈ ಹುದ್ದೆಗಳ ಕಡೆ ತುಂಬಾ ಜನ ಕಣ್ಣೇ ಹಾಯಿಸುವುದಿಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಪಿಎಚ್‌ಡಿ ಬೇಕಾಗಿಲ್ಲ.

ಸಂಶೋಧನಾ ಸಹಾಯಕ, ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದವರು ಮಾಡುವ ಸಂಶೋಧನಾ ಕೆಲಸ) ಹುದ್ದೆಗಳು ಸಾಮಾನ್ಯವಾಗಿ ಪ್ರಾಜೆಕ್ಟಿನ ಹಣದ ಮೇಲೆ ನಿಂತಿರುತ್ತವೆ. ಹಣ ಮುಗಿದರೆ ಕೆಲಸವೂ ಮುಗಿಯಬಹುದು. ಹಾಗಾಗಿ ಅವಧಿ ಎಷ್ಟು, ಮುಂದುವರಿಯುವ ಅವಕಾಶ ಇದೆಯಾ ಅಂತ ಮೊದಲೇ ಕೇಳಿ. ಸಂಕೋಚ ಬೇಡ.

ಅರ್ಜಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಒಳ್ಳೆಯವರೂ ಎಡವುವುದು ಇಲ್ಲೇ. ಜಾಹೀರಾತಿನಲ್ಲಿ 'ಕಡ್ಡಾಯ', 'ಇದ್ದರೆ ಒಳ್ಳೆಯದು' ಅಂತ ಅರ್ಹತೆಗಳ ಪಟ್ಟಿ ಇರುತ್ತದೆ. ಆಯ್ಕೆ ಮಾಡುವವರು ಆ ಪಟ್ಟಿ ಪಕ್ಕಕ್ಕಿಟ್ಟುಕೊಂಡು ನಿಮ್ಮ ಅರ್ಜಿ ಓದುತ್ತಾರೆ. ಪ್ರತಿ ಕಡ್ಡಾಯ ಅಂಶಕ್ಕೂ ನಿಮ್ಮದೇ ಒಂದು ಉದಾಹರಣೆ ಕೊಡಿ. 'ಚೆನ್ನಾಗಿ ಕಲಿಸಬಲ್ಲೆ' ಅಂತ ಸುಮ್ನೆ ಬರೆದರೆ ಸಾಲದು. 'ಲ್ಯಾಬಿಗೆ ಹೊಸದಾಗಿ ಬಂದ ನಾಲ್ವರಿಗೆ ಮೈಕ್ರೋಸ್ಕೋಪ್ ಬಳಸುವುದನ್ನು ಕಲಿಸಿದೆ, ಎರಡು ವಾರದಲ್ಲಿ ಅವರೇ ಸ್ಲೈಡ್ ತಯಾರಿಸುತ್ತಿದ್ದರು' ಅಂತ ಬರೆಯಿರಿ. 'ಇದ್ದರೆ ಒಳ್ಳೆಯದು' ಅನ್ನುವುದರಲ್ಲಿ ಒಂದೆರಡು ಇಲ್ಲದಿದ್ದರೂ ಅರ್ಜಿ ಹಾಕಿ.

ಯುರೋಪಿನ ಸಂಶೋಧನಾ ಹುದ್ದೆಗಳಿಗೆ ಯುರಾಕ್ಸೆಸ್ ಜಾಲತಾಣ ನೋಡಿ, ಉಚಿತ. ನೇಮಕ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಖಂಡಿತ ಕೊಡಬೇಡಿ.

ಗುಂಪಿನಲ್ಲಿ ಜಾಹೀರಾತು ಹಾಕುವವರು ಕೊನೆಯ ದಿನಾಂಕವನ್ನು ಮೊದಲ ಸಾಲಿನಲ್ಲೇ ಹಾಕಿ. ಅರ್ಜಿ ತೋರಿಸಿ ಅಭಿಪ್ರಾಯ ಕೇಳಬೇಕು ಅನ್ನಿಸಿದರೆ ನನಗೆ ನೇರವಾಗಿ ಕಳಿಸಿ, ಓದಿ ಹೇಳುತ್ತೇನೆ.